ಮೊದಲ ಮನೆ: ಭಾನುವಾರದೊಳಗೆ ಟೋಕನ್ ಕೊಡಿ ಅಂತಿದ್ದಾರೆ. ಕೊಡಬಹುದಾ?

ಬಾಡಿಗೆಮನೆ ಬೇಸರ

ಎಲ್ಲರಿಗೂ ನಮಸ್ಕಾರ. ಬಸವೇಶ್ವರನಗರದಲ್ಲಿ ಬಾಡಿಗೆಗೆ ಇದ್ದೇವೆ. ನಾನು, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಇಬ್ಬರದ್ದೂ ಸೇರಿ ಕೈಗೆ ತಿಂಗಳಿಗೆ 1.45 ಲಕ್ಷ ಬರುತ್ತದೆ. ಬಾಡಿಗೆ 25 ಸಾವಿರ. ಓನರ್ ಒಳ್ಳೆಯವರೇ, ಆದರೆ ಅವರ ಮಗನಿಗೆ ಮದುವೆ ಗೊತ್ತಾಗಿದೆ. ಮುಂದಿನದು ನಿಮಗೇ ಅರ್ಥ ಆಗುತ್ತೆ ಅಲ್ವಾ.

ಕೂಡಿಟ್ಟಿರುವುದು 26 ಲಕ್ಷ. ಸದ್ಯ ಮೂರು ಮನೆ ಕಣ್ಣಲ್ಲಿವೆ.

ಉತ್ತರಹಳ್ಳಿ ಕಡೆ ಎರಡು ಬೆಡ್‌ರೂಮಿನ ಹಳೆಯ ಫ್ಲಾಟ್. ಕಟ್ಟಿ ಹತ್ತು ವರ್ಷ ಆಗಿದೆ, 1200 ಚದರಡಿ, 80 ಲಕ್ಷ. ಎರಡನೆಯದು ಸರ್ಜಾಪುರದ ಆಚೆ ಇನ್ನೂ ಕಟ್ಟುತ್ತಿರುವ ಫ್ಲಾಟ್, 92 ಲಕ್ಷ, 2028ಕ್ಕೆ ಕೊಡ್ತಾರಂತೆ. ಮೂರನೆಯದು ಅಂದ್ರಹಳ್ಳಿ ಹತ್ತಿರ 20-30 ಸೈಟಿನಲ್ಲಿ ಕಟ್ಟಿದ ಹೊಸ ಡ್ಯುಪ್ಲೆಕ್ಸ್. ಬಿ ಖಾತಾ, 75 ಲಕ್ಷ. ನಮ್ಮಪ್ಪನಿಗೆ ಇದೇ ಇಷ್ಟ. "ಭೂಮಿ ನಮ್ಮದು ಅಂತ ಇರಬೇಕು ಕಣೋ" ಅಂತಾರೆ.

ನಮ್ಮಿಬ್ಬರ ಮನಸ್ಸು ಉತ್ತರಹಳ್ಳಿ ಕಡೆ ವಾಲಿದೆ. ಬ್ರೋಕರ್ ಮಾತ್ರ ಬಿಡುತ್ತಿಲ್ಲ. ಭಾನುವಾರದೊಳಗೆ 2 ಲಕ್ಷ ಟೋಕನ್ ಕೊಡಿ, ಇನ್ನೊಂದು ಪಾರ್ಟಿ ಕ್ಯಾಶ್ ಹಿಡಿದುಕೊಂಡು ಕಾಯ್ತಿದೆ ಅಂತಾನೆ. ಪೇಪರ್ ಎಲ್ಲಾ ಕ್ಲಿಯರ್ ಅಂತೆ. ಕೊಡಬಹುದಾ?

ಎಕ್ಸೆಲ್ ಎಂಕ

ಆ ಇನ್ನೊಂದು ಪಾರ್ಟಿ ನಾನು ಮನೆ ಹುಡುಕುವಾಗಲೂ ಕಾಯ್ತಿತ್ತು. ಇನ್ನೂ ಕಾಯ್ತಿದೆಯಾ ಪಾಪ!

ಕಪ್ಪು ಕೋಟು

ಸಿವಿಲ್ ವಕೀಲ ನಾನು, ಆಸ್ತಿ ಪತ್ರ ಓದುವುದೇ ಕೆಲಸ. ಒಂದೇ ಮಾತು: ಟೋಕನ್ ಕೊಡುವುದು ಕೊನೆಯ ಕೆಲಸ, ಮೊದಲನೆಯದಲ್ಲ. 2 ಲಕ್ಷ ಕೊಟ್ಟ ಮರುಗಳಿಗೆಯಿಂದ ನೀವು ಪತ್ರ ಓದುವ ರೀತಿಯೇ ಬದಲಾಗುತ್ತದೆ. ತೊಡಕು ಕಂಡರೂ "ಇರಲಿ, ಸರಿ ಹೋಗುತ್ತೆ" ಅನ್ನುತ್ತೀರಿ, ಯಾಕೆಂದರೆ ದುಡ್ಡು ಆಗಲೇ ಅವರ ಕೈಯಲ್ಲಿದೆ.

ಮಾರುವವರಿಂದ ಈಗಲೇ ಜೆರಾಕ್ಸ್ ಕೇಳಿ. ಅವರ ಹೆಸರಿನ ಸೇಲ್ ಡೀಡ್, ಮದರ್ ಡೀಡ್ (ಆ ಜಾಗದ ಹಳೆಯ ಮೂಲ ಪತ್ರ), ಭೂಪರಿವರ್ತನೆ ಆದೇಶ, ಸ್ಯಾಂಕ್ಷನ್ ಪ್ಲಾನ್, ಒಸಿ (ಕಟ್ಟಡ ವಾಸಕ್ಕೆ ಯೋಗ್ಯ ಅಂತ ಪಾಲಿಕೆ ಕೊಡುವ ಪತ್ರ), ಇ-ಖಾತಾ (ಪಾಲಿಕೆಯ ಪುಸ್ತಕದಲ್ಲಿ ಆಸ್ತಿ ಯಾರ ಹೆಸರಲ್ಲಿದೆ ಅನ್ನುವ ಆನ್‌ಲೈನ್ ದಾಖಲೆ), ಈ ವರ್ಷದ ತೆರಿಗೆ ರಸೀದಿ. ಸಾಲ ಇದ್ದರೆ ಅದರ ಸ್ಟೇಟ್‌ಮೆಂಟ್. ಕೊಡಲು ಮೀನಮೇಷ ಎಣಿಸಿದರೆ ಅಲ್ಲೇ ಅರ್ಧ ಉತ್ತರ ಸಿಕ್ಕ ಹಾಗೆ.

ಇಸಿ, ಅಂದರೆ ಆಸ್ತಿಯ ಮೇಲೆ ರಿಜಿಸ್ಟರ್ ಆದ ವಹಿವಾಟುಗಳ ಪಟ್ಟಿ, ನೀವೇ ತೆಗೆಯಬಹುದು. ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ 2004ರ ಈಚಿನದು ಸಿಗುತ್ತದೆ. ಅದಕ್ಕೂ ಹಿಂದಿನದು ಬೇಕಾದರೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅರ್ಜಿ. ಫಾರಂ 15 ಬಂದರೆ ವಹಿವಾಟು ಇವೆ ಅಂತ, ಫಾರಂ 16 ಬಂದರೆ ಏನೂ ಇಲ್ಲ ಅಂತ. ಆದರೆ ಇಸಿ ಕ್ಲೀನ್ ಇದೆ ಅಂದ ಮಾತ್ರಕ್ಕೆ ಆಸ್ತಿ ಕ್ಲೀನ್ ಅಲ್ಲ. ರಿಜಿಸ್ಟರ್ ಆದದ್ದು ಮಾತ್ರ ಅದರಲ್ಲಿ ಕಾಣುತ್ತದೆ. ಛಾಪಾ ಕಾಗದದ ಮೇಲೆ ಸುಮ್ನೆ ಬರೆದುಕೊಂಡ ಅಗ್ರಿಮೆಂಟು ಕಾಣುವುದಿಲ್ಲ. ಕೋರ್ಟಿನ ಕೇಸನ್ನು ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಮಾರುವವರ ಹೆಸರು, ಬಿಲ್ಡರ್ ಹೆಸರು, ಹಳೆಯ ಜಮೀನುದಾರರ ಹೆಸರು ಹಾಕಿ ಬೇರೆಯೇ ಹುಡುಕಬೇಕು.

ಬಾಡಿಗೆಮನೆ ಬೇಸರ

ಬ್ಯಾಂಕಿನವರು ಹೇಗೂ ಲೀಗಲ್ ಮಾಡಿಸುತ್ತಾರಲ್ಲ ಸರ್? ಬ್ರೋಕರ್ ಅದನ್ನೇ ಹೇಳಿದ. ಬ್ಯಾಂಕ್ ಲೋನ್ ಕೊಡ್ತಿದೆ ಅಂದ್ರೆ ಪೇಪರ್ ಸರಿ ಇದೆ ಅಂತಲೇ ಅಂತೆ.

ಕಪ್ಪು ಕೋಟು

ಬ್ಯಾಂಕಿನ ವಕೀಲರು ಬ್ಯಾಂಕಿಗೆ ವಕೀಲರು. ನಿಮಗಲ್ಲ. ನಾಳೆ ತಕರಾರು ಬಂದರೆ ಮನೆ ಹೋದರೂ ಸಾಲ ನಿಮ್ಮ ಹೆಗಲ ಮೇಲೇ ಇರುತ್ತದೆ, ಬ್ಯಾಂಕು ನಿಮ್ಮ ಸಂಬಳ ನೋಡಿ ಕೊಟ್ಟಿರುತ್ತದೆ. ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಿ. ಬ್ರೋಕರ್ ತೋರಿಸಿದವರು ಬೇಡ.

ಮದರ್ ಡೀಡಿನಿಂದ ಈಚೆಗೆ ಒಂದೊಂದೇ ಕೊಂಡಿ ಹಿಡಿದು ಓದಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬುಡದಲ್ಲಿ ಇರುವುದು ಯಾರದೋ ರಾಗಿ ಹೊಲ. ಆ ಹೊಲ ಒಟ್ಟು ಕುಟುಂಬದ್ದು. ಅಣ್ಣತಮ್ಮಂದಿರು ಸಹಿ ಹಾಕಿ ಬಿಲ್ಡರ್‌ಗೆ ಕೊಟ್ಟಿರುತ್ತಾರೆ. ಅಕ್ಕತಂಗಿಯರ ಸಹಿ ಎಲ್ಲಿ? ಕರ್ನಾಟಕ 1994ರಲ್ಲೇ ಕಾನೂನು ತಿದ್ದಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಒಟ್ಟು ಕುಟುಂಬದ ಆಸ್ತಿಯಲ್ಲಿ ಪಾಲು ಕೊಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. 2005ರಲ್ಲಿ ತಂದೆ ಬದುಕಿರದಿದ್ದರೂ ಮಗಳ ಹಕ್ಕು ಇದ್ದೇ ಇದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚಿನ ಮಾರಾಟವನ್ನು 2005ರ ತಿದ್ದುಪಡಿ ಮುಟ್ಟುವುದಿಲ್ಲ. ನಿಮ್ಮ ಅಪಾರ್ಟ್‌ಮೆಂಟಿಗೆ ಹತ್ತೇ ವರ್ಷ, ಜಾಗ ಕೈ ಬದಲಾದದ್ದು ಬಹುಶಃ ಆಮೇಲೆ. ಹಾಗಾಗಿ ವಂಶವೃಕ್ಷ ಇಟ್ಟುಕೊಂಡು ಒಬ್ಬೊಬ್ಬರ ಹೆಸರಿಗೂ ಸಹಿ ತಾಳೆ ನೋಡಲೇಬೇಕು.

ಅಪ್ರಾಪ್ತ ಮಕ್ಕಳ ಆಸ್ತಿ ಕೋರ್ಟ್ ಅನುಮತಿ ಇಲ್ಲದೆ ಮಾರಿದ್ದರೆ ಅದೂ ತೊಡಕೇ. 18 ತುಂಬಿ 3 ವರ್ಷದ ತನಕ ಅವರು ಪ್ರಶ್ನೆ ಮಾಡಬಹುದು. ಇನ್ನು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದ ಮಾರಾಟ ಅಲ್ಲಿ ನಿಲ್ಲುವುದಿಲ್ಲ. ಅದನ್ನು ಪ್ರಶ್ನೆ ಮಾಡಲು ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿ ಹೇಳುತ್ತದೆ.

ಎಕ್ಸೆಲ್ ಎಂಕ

ನಾನು ತಕರಾರು ತೆಗೆಯುತ್ತೇನೆ. ತಗೊಳ್ಳೋದೇ ಯಾಕೆ? 80 ಲಕ್ಷದ ಮನೆಗೆ ಬಾಡಿಗೆ 25 ಸಾವಿರ ಅಂದರೆ ವರ್ಷಕ್ಕೆ 3 ಲಕ್ಷ. ಬೆಲೆಯ ಶೇ 3.75. ಬ್ಯಾಂಕಿಗೆ ನೀವು ಕಟ್ಟುವ ಬಡ್ಡಿ ಶೇ 8ರ ಹತ್ತಿರ. ಶೇ 8ಕ್ಕೆ ದುಡ್ಡು ತಂದು ಶೇ 3.75 ಉಳಿಸುವುದು ಯಾವ ಲೆಕ್ಕ ಸ್ವಾಮಿ? ಬೆಲೆಯ ಶೇ 80 ಸಾಲ ತೆಗೆದರೂ 64 ಲಕ್ಷ, ಅದಕ್ಕೆ 20 ವರ್ಷದ ಇಎಂಐ ಸುಮಾರು 53,500. ಮೊದಲ ತಿಂಗಳು ಅದರಲ್ಲಿ 42,600 ಬರೀ ಬಡ್ಡಿಗೆ. ಅಸಲಿಗೆ ಹೋಗುವುದು 10,900. ಪೂರ್ತಿ ಅವಧಿಗೆ ಕಟ್ಟಿದರೆ ಅಸಲಿನಷ್ಟೇ ಬಡ್ಡಿಯೂ ಕಟ್ಟಿರುತ್ತೀರಿ.

ಇಎಂಐ ಅಮ್ಮ

ಲೆಕ್ಕ ಸರಿ ಇದೆ, ಮಾತು ಅರ್ಧ ಇದೆ. ಬಾಡಿಗೆ 25 ಸಾವಿರದಲ್ಲೇ ನಿಲ್ಲುತ್ತಾ? ಹನ್ನೊಂದು ತಿಂಗಳಿಗೊಮ್ಮೆ ಅಗ್ರಿಮೆಂಟು, ಪ್ರತಿ ಸಲ ಏರಿಕೆ. ಮಗು ಸ್ಕೂಲಿಗೆ ಸೇರಿದ ಮೇಲೆ ಓನರ್ ಖಾಲಿ ಮಾಡಿ ಅಂದರೆ ಮನೆ ಹುಡುಕುವುದರ ಜೊತೆಗೆ ಸ್ಕೂಲ್ ವ್ಯಾನೂ ಹುಡುಕಬೇಕು. ಗೋಡೆಗೆ ಮೊಳೆ ಹೊಡೆಯಲು ಕೇಳಬೇಕು. ಮಾಂಸ ತಿನ್ನುವವರಿಗೆ ಬಾಡಿಗೆ ಮನೆ ಸಿಗುವುದೇ ಒಂದು ಕಥೆ. ಇದೆಲ್ಲ ಯಾವ ಕಾಲಮ್ಮಿಗೆ ಹಾಕ್ತೀರಿ?

ಇಎಂಐಯಲ್ಲಿ ಒಂದು ಉಪಾಯ ಇದೆ. ಫ್ಲೋಟಿಂಗ್ (ಏರಿಳಿಯುವ) ಬಡ್ಡಿಯ ಗೃಹಸಾಲ ಮುಂಚೆ ತೀರಿಸಿದರೆ ದಂಡ ಹಾಕುವ ಹಾಗಿಲ್ಲ, ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಬೋನಸ್ ಬಂದಾಗ ವರ್ಷಕ್ಕೆ ಒಂದೇ ಒಂದು ಇಎಂಐ ಜಾಸ್ತಿ ಕಟ್ಟಿ. ಶೇ 8ರ ಲೆಕ್ಕದಲ್ಲಿ 20 ವರ್ಷದ ಸಾಲ 17 ವರ್ಷದೊಳಗೆ ಮುಗಿಯುತ್ತದೆ. ಬ್ಯಾಂಕಿಗೆ "ಇಎಂಐ ಇಳಿಸಬೇಡಿ, ಅವಧಿ ಇಳಿಸಿ" ಅಂತ ಬರೆದು ಕೊಡಿ.

ಎಕ್ಸೆಲ್ ಎಂಕ

ಮೊಳೆಗೆ ಕಾಲಮ್ ಇಲ್ಲ ಮೇಡಂ, ಒಪ್ಪಿದೆ. ಆದರೂ ಐದು ವರ್ಷದೊಳಗೆ ಊರು ಬಿಡುವ ಸಾಧ್ಯತೆ ಇರುವವರು ತಗೊಳ್ಳಬೇಡಿ. ನೋಂದಣಿಗೆ ಹಾಕಿದ ದುಡ್ಡೇ ವಾಪಸ್ ಹುಟ್ಟುವುದಿಲ್ಲ.

ನಿವೃತ್ತ ಮ್ಯಾನೇಜರ್

ಸಾಲದ ವಿಭಾಗದಲ್ಲಿ ಕೆಲಸ ಮಾಡಿದವನು. ನಿಮ್ಮ 26 ಲಕ್ಷವನ್ನು ಹರಡಿ ನೋಡೋಣ.

30ರಿಂದ 75 ಲಕ್ಷದ ಸಾಲಕ್ಕೆ ಆಸ್ತಿ ಬೆಲೆಯ ಶೇ 80ಕ್ಕಿಂತ ಜಾಸ್ತಿ ಕೊಡುವಂತಿಲ್ಲ. 30ರೊಳಗೆ ಶೇ 90, 75ರ ಮೇಲೆ ಶೇ 75. ಹಾಗಾಗಿ 80 ಲಕ್ಷಕ್ಕೆ ಸಾಲ 64, ನಿಮ್ಮ ಕೈಯಿಂದ 16. ಬ್ಯಾಂಕಿನ ಇಂಜಿನಿಯರ್ ಮನೆಗೆ 74 ಲಕ್ಷ ಬೆಲೆ ಕಟ್ಟಿದರೆ ಸಾಲ ಅದರ ಮೇಲೆ ಲೆಕ್ಕ. ಉಳಿದದ್ದು ನಿಮ್ಮದೇ.

ನೋಂದಣಿ ಖರ್ಚಿಗೆ ಬ್ಯಾಂಕು ಕೊಡುವುದಿಲ್ಲ. 45 ಲಕ್ಷದ ಮೇಲಿನದಕ್ಕೆ ಸ್ಟ್ಯಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟು ಶೇ 7.6. ನಿಮಗೆ 6 ಲಕ್ಷದ 8 ಸಾವಿರ. ಒಪ್ಪಿದ ಬೆಲೆ, ಗೈಡೆನ್ಸ್ ವ್ಯಾಲ್ಯೂ (ಆ ಜಾಗಕ್ಕೆ ಸರ್ಕಾರ ಗೊತ್ತು ಮಾಡಿದ ಬೆಲೆ) ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಇದು. ಹೆಂಡತಿ ಹೆಸರಿಗೆ ಮಾಡಿದರೆ ಕಡಿಮೆ ಆಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಕರ್ನಾಟಕದಲ್ಲಿ ಆಗುವುದಿಲ್ಲ.

16ಕ್ಕೆ 6 ಸೇರಿದರೆ 22 ಲಕ್ಷ. ಬ್ರೋಕರ್‌ಗೆ ಶೇ 1 ಅಂದರೂ 80 ಸಾವಿರ. ವಕೀಲರು, ಬ್ಯಾಂಕಿನ ಶುಲ್ಕ, ಪತ್ರ ಒತ್ತೆ ಇಡುವ ಎಂಒಡಿ ಖರ್ಚು, ಬಣ್ಣ, ಅಡುಗೆಮನೆ ಕಪಾಟು, ಗೃಹಪ್ರವೇಶದ ಊಟ. ಕೈಯಲ್ಲಿ ಉಳಿಯುವುದು ಒಂದೂವರೆ, ಎರಡು ಲಕ್ಷ. ಅಂದರೆ ಮೂರು ಇಎಂಐ. ಇಬ್ಬರಲ್ಲಿ ಒಬ್ಬರ ಕೆಲಸ ಹೋದರೆ? ಆರು ತಿಂಗಳ ಇಎಂಐ ಕೈಲಿ ಇಲ್ಲದೆ ನಾನಾದರೆ ಸಹಿ ಹಾಕುತ್ತಿರಲಿಲ್ಲ. ಬೆಲೆ ಇಳಿಸಲು ಕೇಳಿ, ಇಲ್ಲವೇ ಕಪಾಟು, ಬಣ್ಣವನ್ನು ಒಂದು ವರ್ಷ ಮುಂದೆ ಹಾಕಿ. ಪರ್ಸನಲ್ ಲೋನ್ ತೆಗೆದು ಮುಂಗಡ ತುಂಬುವ ಕೆಲಸ ಮಾತ್ರ ಬೇಡ.

ಸಾಲದ ಜೊತೆ ಒಂದೇ ಕಂತಿನ ವಿಮೆ ಪಾಲಿಸಿ ತಗುಲಿಸುತ್ತಾರೆ. ಅದು ಕಡ್ಡಾಯ ಅಲ್ಲ. ಬೇರೆ ಕಡೆ ಟರ್ಮ್ ಪಾಲಿಸಿಯ ಬೆಲೆ ಕೇಳಿ ಹೋಲಿಸಿ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ, ಹಳೆಯದರಲ್ಲಿ 2 ಲಕ್ಷದ ತನಕ. ಏಜೆಂಟರು "ಟ್ಯಾಕ್ಸ್ ಉಳಿಯುತ್ತೆ" ಅಂದರೆ ನೀವು ಯಾವುದರಲ್ಲಿ ಇದ್ದೀರಿ ಅಂತ ಮೊದಲು ನೋಡಿಕೊಳ್ಳಿ.

ಬಾಡಿಗೆಮನೆ ಬೇಸರ

ಮಾರುವವರು ಇನ್ನೊಂದು ಮಾತು ಹೇಳಿದ್ದಾರೆ. 62 ಲಕ್ಷಕ್ಕೆ ರಿಜಿಸ್ಟರ್ ಮಾಡೋಣ, 18 ಕ್ಯಾಶ್ ಕೊಡಿ, ನಿಮಗೂ ಸ್ಟ್ಯಾಂಪ್ ಡ್ಯೂಟಿ ಉಳಿಯುತ್ತೆ ಅಂತ.

ನಿವೃತ್ತ ಮ್ಯಾನೇಜರ್

18ರ ಮೇಲೆ ಶೇ 7.6 ಅಂದರೆ 1.37 ಲಕ್ಷ ಉಳಿಯುತ್ತದೆ. ಆದರೆ 62ರ ಶೇ 80 ಅಂದರೆ ಸಾಲ 49.6 ಲಕ್ಷಕ್ಕೆ ಇಳಿಯುತ್ತದೆ. ಕೈಯಿಂದ 30 ಲಕ್ಷಕ್ಕೂ ಮೇಲೆ ಹಾಕಬೇಕು, ನಿಮ್ಮ ಹತ್ತಿರ ಇಲ್ಲವೇ ಇಲ್ಲ. ಮುಂದೆ ನೀವು ಮಾರುವಾಗ ನಿಮ್ಮ ಕೊಂಡ ಬೆಲೆ 62 ಅಂತಲೇ ಲೆಕ್ಕ, ಅವರ ತೆರಿಗೆ ನೀವು ಕಟ್ಟುತ್ತೀರಿ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಇದೆ, ಅದನ್ನು ಅವರಿಗೆ ನೆನಪಿಸಿ. ಮತ್ತೆ, 50 ಲಕ್ಷ ಅಥವಾ ಮೇಲಿನ ಆಸ್ತಿಗೆ ಶೇ 1 ಟಿಡಿಎಸ್, ಅಂದರೆ ಮಾರುವವರ ಲೆಕ್ಕದ ತೆರಿಗೆ, ಹಿಡಿದು ಸರ್ಕಾರಕ್ಕೆ ಕಟ್ಟುವುದು ಕೊಳ್ಳುವವರ ಕೆಲಸ. 80 ಸಾವಿರ ಹಿಡಿದುಕೊಂಡು 79.2 ಲಕ್ಷ ಕೊಡಬೇಕು.

ನ್ಯೂಜೆರ್ಸಿ ಮಲೆನಾಡಿಗ

ಮಾರುವವರು ವಿದೇಶದಲ್ಲಿದ್ದಾರಾ ಅಂತ ಖಚಿತ ಮಾಡಿಕೊಳ್ಳಿ. ನಾನು ಜಯನಗರದ ಫ್ಲಾಟ್ ಮಾರಿದಾಗ ಕೊಳ್ಳಲು ಬಂದವರಿಗೆ ಇದು ಗೊತ್ತೇ ಇರಲಿಲ್ಲ. ಅನಿವಾಸಿ ಮಾರಿದರೆ ಶೇ 1ರ ಲೆಕ್ಕ ಅಲ್ಲ, 50 ಲಕ್ಷದ ಮಿತಿಯೂ ಇಲ್ಲ. ದೀರ್ಘಾವಧಿ ಲಾಭದ ದರ ಶೇ 12.5, ಮೇಲೆ ಸರ್‌ಚಾರ್ಜ್, ಸೆಸ್. ಕಡಿಮೆ ಹಿಡಿದರೆ ನೋಟಿಸ್ ಬರುವುದು ಕೊಂಡವರಿಗೆ. ಅವರ ಅಣ್ಣನೋ ಅಪ್ಪನೋ ಪವರ್ ಆಫ್ ಅಟಾರ್ನಿ ಹಿಡಿದು ಸಹಿ ಹಾಕಲು ಬಂದರೆ, ಅದು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಣ ಆಗಿದೆಯಾ, ಭಾರತಕ್ಕೆ ಬಂದ 3 ತಿಂಗಳೊಳಗೆ ಇಲ್ಲಿ ಸ್ಟ್ಯಾಂಪ್ ಆಗಿದೆಯಾ ನೋಡಿ.

ಸಿಮೆಂಟು ಮೂಟೆ

ಸಿವಿಲ್ ಇಂಜಿನಿಯರ್ ಮಾತು ಕೇಳಿ ಈಗ. ಎಲ್ಲರೂ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮನೆ ನೋಡಲು ಹೋಗ್ತಾರೆ. ಬಿಸಿಲು ಇರುತ್ತೆ, ಮನೆ ಚೆನ್ನಾಗಿ ಕಾಣುತ್ತೆ, ಓನರ್ ಕಾಫಿ ಕೊಡ್ತಾರೆ. ಮಳೆ ಬಂದ ಮಾರನೇ ದಿನ ಹೋಗಿ. ಬಚ್ಚಲು ಮನೆಯ ಹೊರಗೋಡೆಗೆ, ಅಂದರೆ ಬೆಡ್‌ರೂಮಿನ ಕಡೆಯ ಗೋಡೆಗೆ ನೆಲದಿಂದ ಒಂದಡಿ ಎತ್ತರದಲ್ಲಿ ಅಂಗೈ ಇಟ್ಟು ನೋಡಿ. ತಣ್ಣಗೆ ಮೆತ್ತಗಿದ್ದರೆ, ಬಣ್ಣ ಹಪ್ಪಳದ ಹಾಗೆ ಎದ್ದಿದ್ದರೆ ಒಳಗೆ ನೀರು ಸೋರುತ್ತಿದೆ. ವಾರ್ಡ್‌ರೋಬ್ ಬಾಗಿಲು ತೆರೆದು ಹಿಂದಿನ ಹಲಗೆ ಮೂಸಿ. ಹೊಸ ಬಣ್ಣ ಒಂದೇ ಗೋಡೆಗೆ ಹೊಡೆದಿದ್ದರೆ ಆ ಗೋಡೆಯ ಬಗ್ಗೆಯೇ ಕೇಳಿ. ಬಾತ್‌ರೂಮಿನ ಫಾಲ್ಸ್ ಸೀಲಿಂಗ್ ಮುಚ್ಚಳ ತೆಗೆಸಿ ಟಾರ್ಚ್ ಬಿಡಿ. ಮೇಲಿನ ಮನೆಯವರ ಟಾಯ್ಲೆಟ್ ಪೈಪು ಅಲ್ಲೇ ಹಾದುಹೋಗುತ್ತೆ. ಕಬ್ಬಿಣದ ತುಕ್ಕಿನ ಕಲೆ, ಬಿಳಿ ಉಪ್ಪು ಕಂಡರೆ ರಿಪೇರಿಗೆ ಮೇಲಿನವರನ್ನೂ ಒಪ್ಪಿಸಬೇಕು, ಅದು ಬಿಲ್ಲಿಗಿಂತ ದೊಡ್ಡ ತಲೆನೋವು.

1200 ಚದರಡಿ ಅಂದದ್ದು ಸೂಪರ್ ಬಿಲ್ಟ್ ಅಪ್. ಮೆಟ್ಟಿಲು, ಲಿಫ್ಟು, ಲಾಬಿ ಎಲ್ಲ ಅದರಲ್ಲಿ ಸೇರಿದೆ. ಟೇಪ್ ಹಿಡಿದು ಒಳಗೆ ಅಳೆಯಿರಿ. 850 ಬಂದರೆ ಪರವಾಗಿಲ್ಲ, 780 ಬಂದರೆ ಬೆಲೆ ಮಾತಾಡಿ.

ಮತ್ತೆ ಸ್ಯಾಂಕ್ಷನ್ ಪ್ಲಾನ್, ಒಸಿ ಎರಡನ್ನೂ ಪಕ್ಕಪಕ್ಕ ಇಟ್ಟು ಮಹಡಿ ಎಣಿಸಿ. ಪ್ಲಾನಿನಲ್ಲಿ ಮೂರು, ಕಟ್ಟಿದ್ದು ನಾಲ್ಕು ಇರುವ ಕಟ್ಟಡಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ನಿಮ್ಮದು ಎಷ್ಟನೇ ಮಹಡಿ?

ಬಾಡಿಗೆಮನೆ ಬೇಸರ

ಎರಡನೇ ಮಹಡಿ. ಪ್ಲಾನ್ ಇನ್ನೂ ಕೈಗೆ ಸಿಕ್ಕಿಲ್ಲ. ಅಂದ್ರಹಳ್ಳಿ ಮನೆ ಬಗ್ಗೆಯೂ ಯಾರಾದರೂ ಹೇಳಿ, ಅಪ್ಪನಿಗೆ ಉತ್ತರ ಕೊಡಬೇಕು.

ಕಪ್ಪು ಕೋಟು

ಬಿ ಖಾತಾ ಅಂದರೆ ಪಾಲಿಕೆ ತೆರಿಗೆ ವಸೂಲಿಗೆ ಇಟ್ಟುಕೊಂಡ ಲೆಕ್ಕ. ಮಾಲೀಕತ್ವ ಕೊಡುವ ಪತ್ರ ಅಲ್ಲ. ಎ ಖಾತಾ ಕೂಡ ಅಲ್ಲ ಬಿಡಿ, ಮಾಲೀಕತ್ವ ಇರುವುದು ಸೇಲ್ ಡೀಡಿನಲ್ಲಿ. ಆದರೆ ಬಿ ಖಾತಾ ಸೈಟು ಅಂದರೆ ಸಾಮಾನ್ಯವಾಗಿ ಪರಿವರ್ತನೆಯೋ ಲೇಔಟ್ ಮಂಜೂರಾತಿಯೋ ಇಲ್ಲದ ರೆವಿನ್ಯೂ ಸೈಟು. ಪ್ಲಾನ್ ಮಂಜೂರಾತಿ, ಸಾಲ ಎಲ್ಲದರಲ್ಲೂ ತಕರಾರು. 2025ರ ಕೊನೆಗೆ ಸರ್ಕಾರ ಬಿ ಖಾತಾ ಸೈಟುಗಳನ್ನು ಎ ಖಾತಾ ಮಾಡಿಕೊಡುವ ಯೋಜನೆ ತಂದಿತು, ಆಗ ಗೈಡೆನ್ಸ್ ವ್ಯಾಲ್ಯೂನ ಶೇ 5 ಕಟ್ಟಬೇಕಿತ್ತು. ಹಾಗಾದರೆ ಮಾರುವವರೇ ಮಾಡಿಸಿ ಕೊಡಲಿ. "ನೀವು ತಗೊಂಡು ಮಾಡಿಸ್ಕೊಳ್ಳಿ" ಅಂದರೆ ಯಾಕೆ ಅಂತ ಕೇಳಿ.

ಸಿಮೆಂಟು ಮೂಟೆ

ಅಲ್ಲಿ ಕರೆಂಟ್ ಮೀಟರ್ ಹತ್ತಿರ ಹೋಗಿ ನೋಡಿ. ಕಟ್ಟುವಾಗ ಕೊಟ್ಟ ತಾತ್ಕಾಲಿಕ ಸಂಪರ್ಕವೋ, ಕಾಯಂ ಸಂಪರ್ಕವೋ ಬಿಲ್ಲಿನಲ್ಲೇ ಗೊತ್ತಾಗುತ್ತೆ. ಒಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿತು. 2025ರಲ್ಲಿ ಎಷ್ಟೋ ಜನ ಮನೆ ಕಟ್ಟಿ ಕರೆಂಟಿಗೆ ಕಾದು ಕೂತಿದ್ದರು. ಆಮೇಲೆ 1200 ಚದರಡಿ ತನಕದ ಸೈಟಿನ ಸಣ್ಣ ಮನೆಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಿತು. 20-30 ಅಂದರೆ 600 ಚದರಡಿ, ಅದರೊಳಗೆ ಬರುತ್ತೆ. ಆದರೂ ಮೀಟರ್ ನೋಡದೆ ಬರಬೇಡಿ. ಮಾರಲು ಕಟ್ಟಿದ ಮನೆಯ ಪಾಯ ಎಷ್ಟು ಆಳ ಅಂತ ಯಾರೂ ತೋರಿಸಲ್ಲ, ಅದು ನನ್ನ ಹಳೆಯ ಕೊರಗು.

ದಿಶಾಂಕ್ ಆಪ್ ಹಾಕಿಕೊಂಡು ಆ ಜಾಗದಲ್ಲೇ ನಿಂತು ಸರ್ವೆ ನಂಬರ್ ನೋಡಿ. ಪಹಣಿಯಲ್ಲಿರುವ ನಂಬರೇ ಬರಬೇಕು. ಖರಾಬು, ಕೆರೆ, ರಾಜಕಾಲುವೆ ಅದರಲ್ಲಿ ಕಾಣುತ್ತೆ. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನಿನಲ್ಲಿ ರಾಜಕಾಲುವೆಗೆ ಗಾತ್ರ ನೋಡಿ 50, 25, 15 ಮೀಟರ್ ಬಿಡಬೇಕು ಅಂತ ಇದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದದ್ದು ನೆನಪಿದೆಯಲ್ಲ.

ಧಾರವಾಡ ಮಾವ

ನಿಮ್ಮ ಬೆಂಗಳೂರಿನ ಲೆಕ್ಕ ಕೇಳಿದರ ಎದೆ ಝಲ್ ಅಂತದರೀ. 80 ಲಕ್ಷಕ್ಕೆ ನಮ್ಮಲ್ಲಿ ಹಿತ್ತಲು, ತುಳಸಿ ಕಟ್ಟಿ, ಮಾವಿನ ಗಿಡ ಸಮೇತ ಮನೆ ಬರ್ತದ. ಇಲ್ಲಿ ಓದುವ ನಮ್ಮ ಕಡೆಯವರಿಗೆ ಎರಡು ಮಾತು. ಪಂಚಾಯ್ತಿ ಹದ್ದಿನ ಪ್ಲಾಟಿಗೆ ಇ-ಸ್ವತ್ತಿನ (ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆ) ಫಾರಂ 9, 11ಎ ಕೇಳಿ. 11ಬಿ ಕೊಟ್ಟರೆ ಅದು ಬ್ಯಾರೇನ, ಮಂಜೂರಾತಿ ಇಲ್ಲದ ಪ್ಲಾಟಿಂದು, ಹುಷಾರ್. "ಎನ್‌ಎ (ಕೃಷಿಯೇತರ) ಆಗೇದ" ಅಂದರೆ ಆದೇಶದ ಪ್ರತಿ ಜೊತೆಗೆ ಲೇಔಟ್ ಮಂಜೂರಾತಿಯೂ ನೋಡಿ, ಎರಡೂ ಒಂದೇ ಅಲ್ಲ. ವರ್ಷಕ್ಕೆ 9 ಲಕ್ಷದೊಳಗಿನ ಆದಾಯದವರು, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇಲ್ಲದವರು, 35 ಲಕ್ಷದೊಳಗಿನ ಮನೆ ಕೊಂಡರೆ ಪ್ರಧಾನಮಂತ್ರಿ ಆವಾಸ್ ನಗರ 2.0ರಲ್ಲಿ ಬಡ್ಡಿ ಸಹಾಯ 1.80 ಲಕ್ಷದ ತನಕ ಇದೆ. ಬ್ಯಾಂಕಿನವರು ತಾವಾಗಿ ಹೇಳುವುದಿಲ್ಲ, ಕೇಳಬೇಕು.

ಅಸೋಸಿಯೇಷನ್ ಸೆಕ್ರೆಟರಿ

ಉತ್ತರಹಳ್ಳಿಗೆ ವಾಪಸ್ ಬರೋಣ. ನಾನು ಕನಕಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕೊಳ್ಳಲು ಬರುವವರು ಕಬೋರ್ಡ್ ನೋಡ್ತಾರೆ, ಕಿಟಕಿ ನೋಡ್ತಾರೆ, ಅಸೋಸಿಯೇಷನ್ ಆಫೀಸಿನ ಬಾಗಿಲು ತಟ್ಟಲ್ಲ.

ತಟ್ಟಿ. 2024ರ ಮಾರ್ಚ್, ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ ತೋರಿಸಿ ಅನ್ನಿ. ಆ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದ ಕಟ್ಟಡಗಳ ಪುಸ್ತಕದಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್, ಒಂದಕ್ಕೆ ಎಷ್ಟು ರೂಪಾಯಿ ಅಂತ ಸಾಲುಸಾಲಾಗಿ ಬರೆದಿರುತ್ತದೆ. ಆ ಒಂದು ಪುಟ ನೋಡಿದರೆ ಅಲ್ಲಿನ ಬದುಕು ಗೊತ್ತಾಗುತ್ತದೆ. ಕಾವೇರಿ ಸಂಪರ್ಕ ಇದೆಯಾ, ವಾರಕ್ಕೆ ಎಷ್ಟು ದಿನ ನೀರು ಬರುತ್ತದೆ ಕೇಳಿ. ಕಾವೇರಿ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಗಿದೆ ನಿಜ, ಆದರೆ ನಗರಕ್ಕೆ ನೀರು ಬಂತು ಅನ್ನುವುದಕ್ಕೂ ನಿಮ್ಮ ಕಟ್ಟಡದ ಸಂಪ್‌ಗೆ ಬಂತು ಅನ್ನುವುದಕ್ಕೂ ದೂರ ಇದೆ.

ಕಾರ್ಪಸ್ ಫಂಡ್, ಅಂದರೆ ದೊಡ್ಡ ಖರ್ಚಿಗೆ ಅಂತ ಅಸೋಸಿಯೇಷನ್ ಕೂಡಿಟ್ಟ ದುಡ್ಡು, ಎಷ್ಟಿದೆ? ಹತ್ತು ವರ್ಷದ ಕಟ್ಟಡ ಅಂದರೆ ಲಿಫ್ಟು, ಜನರೇಟರ್, ಹೊರಗಿನ ಬಣ್ಣ, ಟೆರೇಸ್ ಸೋರಿಕೆ ಎಲ್ಲದಕ್ಕೂ ಖರ್ಚಿನ ಸಮಯ. ಫಂಡ್ ಖಾಲಿ ಇದ್ದರೆ ನೀವು ಗೃಹಪ್ರವೇಶ ಮಾಡಿದ ತಿಂಗಳೇ "ಪ್ರತಿ ಮನೆಗೆ ಒಂದು ಲಕ್ಷ" ಅಂತ ಸುತ್ತೋಲೆ ಬರಬಹುದು. ಹಿಂದಿನ ಜನರಲ್ ಬಾಡಿಯ ನಡಾವಳಿ ಕೇಳಿ ಓದಿ. ಜಗಳ ಏನಿದೆ ಎಲ್ಲ ಅದರಲ್ಲಿರುತ್ತದೆ. ಮಾರುವವರ ಮೆಂಟೆನೆನ್ಸ್ ಬಾಕಿ ಇಲ್ಲ ಅಂತ ಅಸೋಸಿಯೇಷನ್‌ನಿಂದ ಲಿಖಿತ ತರಿಸಿ.

ಸೇಲ್ ಡೀಡಿನಲ್ಲಿ ನಿಮ್ಮ ಪಾಲಿನ ಭೂಮಿ, ಅದೇ ಯುಡಿಎಸ್, ಎಷ್ಟು ಚದರಡಿ ಅಂತ ಸ್ಪಷ್ಟ ಇರಬೇಕು. ನಿಮ್ಮಪ್ಪ ಹೇಳುವ ಭೂಮಿ ಅದೇ. ಪಾರ್ಕಿಂಗ್ ಯಾವುದು ಅಂತಲೂ ಬರೆದಿರಬೇಕು. ಬಾಯಿಮಾತಿನ ಪಾರ್ಕಿಂಗ್‌ಗಾಗಿ ನಮ್ಮಲ್ಲಿ ಎರಡು ಮನೆಯವರು ಮಾತು ಬಿಟ್ಟಿದ್ದಾರೆ.

ರೇರಾ ರಂಗಣ್ಣ

ಸರ್ಜಾಪುರದ ಕಥೆ ಯಾರೂ ಹೇಳಲಿಲ್ಲ. 92 ಲಕ್ಷಕ್ಕೆ ಶೇ 5 ಜಿಎಸ್‌ಟಿ, 4.6 ಲಕ್ಷ. ಒಸಿ ಬಂದ ಮನೆಗೆ ಈ ಖರ್ಚು ಇಲ್ಲ. 2028ರ ತನಕ ಬಾಡಿಗೆಯೂ ಕಟ್ಟಬೇಕು, ಸಾಲದ ಬಡ್ಡಿಯೂ ಕಟ್ಟಬೇಕು. ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಪ್ರಾಧಿಕಾರ ಕರ್ನಾಟಕ ರೇರಾದ ವೆಬ್‌ಸೈಟಿನಲ್ಲಿ ನೋಂದಣಿ ನಂಬರ್ ಹಾಕಿ ಮುಗಿಸುವ ದಿನಾಂಕ ನೋಡಿ. ಸೇಲ್ಸ್ ಹುಡುಗ ಹೇಳಿದ್ದು 2028 ಇರಬಹುದು, ಬಿಲ್ಡರ್ ಅಲ್ಲಿ ಬರೆದುಕೊಂಡದ್ದು ಬೇರೆ ಇರಬಹುದು. ರೇರಾ ನಂಬರ್ ಬರುವ ಮೊದಲೇ "ಪ್ರೀ ಲಾಂಚ್ ಆಫರ್" ಅಂತ ದುಡ್ಡು ಕೇಳುವುದು ಕಾನೂನುಬಾಹಿರ. ರಿಜಿಸ್ಟರ್ ಆದ ಅಗ್ರಿಮೆಂಟ್ ಇಲ್ಲದೆ ಶೇ 10ಕ್ಕಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ.

ಕಾಗದದ ಮೇಲೆ ಕಾಯ್ದೆ ಚೆನ್ನಾಗಿದೆ. ತಡವಾದರೆ ಬಡ್ಡಿ ಸಮೇತ ವಾಪಸ್, ಕಟ್ಟಡದ ದೋಷಕ್ಕೆ 5 ವರ್ಷ ಬಿಲ್ಡರ್ ಹೊಣೆ. ಆದೇಶ ಸಿಗುತ್ತದೆ, ವಸೂಲಿ ಮಾತ್ರ ತಹಶೀಲ್ದಾರರ ಕಡೆಯಿಂದ ಆಗಬೇಕು, ಅಲ್ಲಿ ಕಡತ ಮಲಗುತ್ತದೆ. ನನ್ನ ತಂಗಿಗೆ ಆದೇಶ ಬಂದಿದೆ, ದುಡ್ಡು ಬಂದಿಲ್ಲ. ಕೈಲಿ 26 ಲಕ್ಷ ಮಾತ್ರ ಇರುವವರಿಗೆ ಕಟ್ಟಿ ಮುಗಿದ ಮನೆಯೇ ಸರಿ.

ಇಎಂಐ ಅಮ್ಮ

ಆಷಾಢದಲ್ಲಿ ಬೆಲೆ ಮಾತಾಡಿ, ಶ್ರಾವಣದಲ್ಲಿ ರಿಜಿಸ್ಟರ್ ಮಾಡಿ. ಆಷಾಢದಲ್ಲಿ ಗಿರಾಕಿ ಕಡಿಮೆ. ಇದು ಯಾವ ಎಕ್ಸೆಲ್‌ನಲ್ಲೂ ಇಲ್ಲ.

ಬಾಡಿಗೆಮನೆ ಬೇಸರ

ಅಪ್‌ಡೇಟ್. ಭಾನುವಾರ ಟೋಕನ್ ಕೊಡಲಿಲ್ಲ. ಬ್ರೋಕರ್ ಮುನಿಸಿಕೊಂಡ, ಮಂಗಳವಾರ ಅವನೇ ಫೋನ್ ಮಾಡಿದ. ಇನ್ನೊಂದು ಪಾರ್ಟಿ ಮೈಸೂರಲ್ಲಿ ತಗೊಂಡರಂತೆ.

ಜೆರಾಕ್ಸ್ ಬಂತು. ವಕೀಲರು ಎರಡು ವಿಷಯ ಹಿಡಿದಿದ್ದಾರೆ. ಫ್ಲಾಟಿನ ಖಾತಾ ಇನ್ನೂ ಬಿಲ್ಡರ್ ಹೆಸರಿನಲ್ಲೇ ಇದೆ. ಮಾರುವವರು ಹತ್ತು ವರ್ಷದಿಂದ ತೆರಿಗೆ ಕಟ್ಟಿದ್ದಾರೆ, ಹೆಸರು ಬದಲಾಯಿಸಿಕೊಂಡಿಲ್ಲ. ಎರಡನೆಯದು, ಅವರ ಸಾಲ 19 ಲಕ್ಷ ಬಾಕಿ ಇದೆ, ಮೂಲ ಪತ್ರ ಬ್ಯಾಂಕಿನಲ್ಲಿದೆ. ಪ್ಲಾನ್, ಒಸಿ ತಾಳೆ ಆಗಿವೆ. ಹಳೆಯ ಜಮೀನುದಾರರ ಮನೆಯ ಹೆಣ್ಣುಮಕ್ಕಳು ಎಲ್ಲರೂ ಸಹಿ ಹಾಕಿದ್ದಾರೆ. ಬೆಡ್‌ರೂಮ್ ಗೋಡೆ ತೇವ ಇದೆ, ಸಿಮೆಂಟು ಮೂಟೆಯವರು ಹೇಳಿದ ಅದೇ ಜಾಗದಲ್ಲಿ. ಅಳತೆ 838 ಬಂತು. ಗೋಡೆ ತೋರಿಸಿ 78ಕ್ಕೆ ಒಪ್ಪಿಸಿದ್ದೇವೆ, ಎಲ್ಲ ಚೆಕ್ಕಿನಲ್ಲೇ.

ಕಪ್ಪು ಕೋಟು

ಎರಡೂ ಬಗೆಹರಿಯುವ ತೊಡಕುಗಳೇ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ. ಹಾಗಾಗಿ ಮೊದಲು ಅವರ ಹೆಸರಿಗೆ ಇ-ಖಾತಾ ಆಗಬೇಕು, ಅದು ಅವರ ಖರ್ಚು, ಅವರ ಓಡಾಟ.

ಸಾಲದ ವಿಷಯದಲ್ಲಿ ಅವರ ಬ್ಯಾಂಕಿನಿಂದ ಬಾಕಿ ಮೊತ್ತದ ಪತ್ರ ಮತ್ತು ಅಲ್ಲಿರುವ ಮೂಲ ದಾಖಲೆಗಳ ಪಟ್ಟಿ ತರಿಸಿ. ಆ ಪಟ್ಟಿ ನೋಡದೆ ಮುಂದೆ ಹೋಗಬೇಡಿ, ಮದರ್ ಡೀಡಿನ ಪ್ರತಿ ಇಲ್ಲದಿದ್ದರೆ ಈಗಲೇ ಗೊತ್ತಾಗಲಿ. ನಿಮ್ಮ ಬ್ಯಾಂಕು 19 ಲಕ್ಷವನ್ನು ನೇರ ಅವರ ಸಾಲದ ಖಾತೆಗೆ ಕಟ್ಟಲಿ. ಮಾರುವವರ ಕೈಗೆ ಕೊಟ್ಟು "ನೀವು ತೀರಿಸಿ ಬನ್ನಿ" ಅನ್ನಬೇಡಿ. ಸಾಲ ತೀರಿದ ಮೇಲೆ ಒತ್ತೆ ಬಿಡುಗಡೆ ಇಸಿಯಲ್ಲಿ ಕಾಣಬೇಕು.

ಈಗ ಅಗ್ರಿಮೆಂಟು ಮಾಡಿಕೊಂಡು ಟೋಕನ್ ಕೊಡಬಹುದು. ನಿಮ್ಮ ಸಾಲ ಮಂಜೂರಾಗದಿದ್ದರೆ, ಇ-ಖಾತಾ ಇಂಥ ದಿನದೊಳಗೆ ಆಗದಿದ್ದರೆ, ಪತ್ರದಲ್ಲಿ ದೋಷ ಸಿಕ್ಕರೆ ಟೋಕನ್ ಪೂರ್ತಿ ವಾಪಸ್ ಅಂತ ಬರೆಸಿ. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಅವರಿಗೆ ಡೀಡ್ ಇದ್ದರೆ ಇಬ್ಬರೂ ಸಹಿ ಹಾಕಲಿ.

ಬಾಡಿಗೆಮನೆ ಬೇಸರ

ಬರೆಸಿದ್ದೇವೆ ಸರ್. 2 ಲಕ್ಷದ ಬದಲು 1 ಲಕ್ಷ ಚೆಕ್. ಇ-ಖಾತಾಗೆ ಅರ್ಜಿ ಹಾಕಿದ್ದಾರೆ. ಅಪ್ಪನಿಗೆ ಯುಡಿಎಸ್ ಲೆಕ್ಕ ತೋರಿಸಿದೆ, 410 ಚದರಡಿ. "ಅದರಲ್ಲಿ ಒಂದು ತೆಂಗಿನ ಗಿಡ ಹಾಕೋಕಾಗುತ್ತಾ?" ಅಂದರು. ಉತ್ತರ ಕೊಡಲು ಆಗಲಿಲ್ಲ.

ಅಸೋಸಿಯೇಷನ್ ಸೆಕ್ರೆಟರಿ

ಜನರಲ್ ಬಾಡಿಯಲ್ಲಿ ಮಂಡಿಸಲಿ. ತೆಂಗಿನಕಾಯಿ ಕಾರಿನ ಮೇಲೆ ಬಿದ್ದರೆ ಯಾರ ಹೊಣೆ ಅಂತ ಮೂರು ಗಂಟೆ ಚರ್ಚೆ ಗ್ಯಾರಂಟಿ.

ಕಪ್ಪು ಕೋಟು

ರಿಜಿಸ್ಟರ್ ಆದ ಮೇಲೆ ಸುಮ್ನೆ ಕೂರಬೇಡಿ. ನಿಮ್ಮ ಹೆಸರು ಬಂದ ಹೊಸ ಇಸಿ, ಇ-ಖಾತಾ ವರ್ಗಾವಣೆ, ಬೆಸ್ಕಾಂ ಮೀಟರಿನ ಹೆಸರು, ಅಸೋಸಿಯೇಷನ್ ಸದಸ್ಯತ್ವ, ಟಿಡಿಎಸ್ ಕಟ್ಟಿದ ಸರ್ಟಿಫಿಕೇಟ್ ಮಾರುವವರಿಗೆ. ನಿಮಗೆ ಮಾರುತ್ತಿರುವವರು ಹತ್ತು ವರ್ಷ ಮುಂದೂಡಿದ್ದು ಇದನ್ನೇ.